ಲೆಕ್ಕದ ಕಟ್ಟೆ: ನಾನು ಮರೆತ 50 ನಿಮಿಷ

ಈ ಸಲ ಬಂದ ಪತ್ರಗಳಲ್ಲಿ ಹನ್ನೊಂದು ಒಂದೇ ವಿಷಯದ ಮೇಲಿವೆ. ಹೋದ ತಿಂಗಳು ನಾನು ಬಿಡಿಸಿದ ರಸ್ತೆ ಲೆಕ್ಕ. ಎಂಟು ಜನ ಶಹಬ್ಬಾಸ್ ಅಂದಿದ್ದಾರೆ. ಇಬ್ಬರಿಗೆ ಅರ್ಥವಾಗಿಲ್ಲ. ಒಬ್ಬರು ಮಾತ್ರ ತಪ್ಪು ಹಿಡಿದಿದ್ದಾರೆ. ಆ ಒಬ್ಬರಿಂದಲೇ ಶುರು ಮಾಡೋಣ. ಹಾಸನದ ಪಿಯು ಮಕ್ಕಳಿಗೆ ಮೂವತ್ತೊಂದು ವರ್ಷ ಲೆಕ್ಕ ಹೇಳಿಕೊಟ್ಟವಳು ನಾನು. ಬೋರ್ಡಿನ ಮೇಲೆ ತಪ್ಪಾದರೆ ಡಸ್ಟರ್ ತಗೊಂಡು ಒರೆಸಬೇಕು, ಅದರ ಮುಂದೆ ನಿಂತು ಮರೆಮಾಡಬಾರದು.

“ಮೇಡಂ, ನಿಮ್ಮ ಲೆಕ್ಕ ನೋಡಿದೆ. ಘಾಟಿಯಲ್ಲಿ ಬಸ್ಸು ಓಡಿಸೋಕೆ ಶುರು ಮಾಡಿ ಇಪ್ಪತ್ತೆರಡು ವರ್ಷ ಆಯ್ತು. ರಸ್ತೆ ಪೂರ್ತಿ ಒಂದೇ ಕಡೆಗೆ ತಿರುಗಿಸಿದರೆ ಆಗಲೇ ಎದುರಿಗೆ ಬರ್ತಾ ಇರೋ ನಾನು ಎಲ್ಲಿಗೆ ಹೋಗಲಿ? ಹಾರಲಾ?”
— ಬಸ್ ಚಾಲಕರು, ಸಕಲೇಶಪುರ

ಹಾರಬೇಡಿ. ತಪ್ಪು ನನ್ನದೇ.

ಹೋದ ತಿಂಗಳು ಓದದವರಿಗಾಗಿ ಲೆಕ್ಕ ಇಷ್ಟು. ಒಂದು ಊರು. ಮಳೆಯಿಂದಲೋ ಬೆಂಕಿಯಿಂದಲೋ ಊರು ಖಾಲಿ ಮಾಡಬೇಕು. ಹೊರಗೆ ಹೋಗಲು ಎರಡು ರಸ್ತೆ. ಹತ್ತಿರದ ರಸ್ತೆ 20 ನಿಮಿಷದ ದಾರಿ, ಆದರೆ ಕಿರಿದು. ನಿಮಿಷಕ್ಕೆ 6 ಗಾಡಿ ಮಾತ್ರ ಹೋಗಬಲ್ಲವು. ಸುತ್ತಿನ ರಸ್ತೆ 50 ನಿಮಿಷದ್ದು, ಅಗಲ, ನಿಮಿಷಕ್ಕೆ 10 ಗಾಡಿ. ಎರಡರಲ್ಲೂ ಬರುವ ಲೇನ್ ಒಂದಿದೆ, ಅದರಲ್ಲೂ ಅಷ್ಟಷ್ಟೇ ಗಾಡಿ ಹೋಗುತ್ತವೆ. ಬರುವ ಲೇನನ್ನೂ ಹೋಗುವವರಿಗೆ ಕೊಟ್ಟುಬಿಟ್ಟರೆ ರಸ್ತೆ ಎರಡರಷ್ಟು ಸಾಗಿಸುತ್ತದೆ. ಆದರೆ ಪೊಲೀಸರು ಇರುವುದು ಒಂದು ರಸ್ತೆಗೆ ಸಾಕಾಗುವಷ್ಟು. ಯಾವುದನ್ನು ತಿರುಗಿಸಬೇಕು?

ನಾನು ಕೊಟ್ಟ ಉತ್ತರ ಹೀಗಿತ್ತು. ಮೊದಲ ಗಾಡಿ 20 ನಿಮಿಷಕ್ಕೆ ಆಚೆ ದಡ ಸೇರುತ್ತದೆ. ಆಮೇಲೆ ನಿಮಿಷಕ್ಕೆ 6ರಂತೆ ಸೇರುತ್ತಲೇ ಇರುತ್ತವೆ. ಒಂದು ಗಂಟೆ ಸಮಯ ಇದ್ದರೆ ಹತ್ತಿರದ ರಸ್ತೆಯಲ್ಲಿ 40 ನಿಮಿಷದ ಫಸಲು, 240 ಗಾಡಿ. ಸುತ್ತಿನ ರಸ್ತೆಯಲ್ಲಿ ಬರೀ 10 ನಿಮಿಷದ ಫಸಲು, 100 ಗಾಡಿ. ಒಟ್ಟು 340. ಹತ್ತಿರದ್ದನ್ನು ತಿರುಗಿಸಿದರೆ ಇನ್ನೂ 240 ಸೇರಿ 580 ಆಗುತ್ತದೆ. ಸುತ್ತಿನದನ್ನು ತಿರುಗಿಸಿದರೆ 440. ಹಾಗಾಗಿ ಹತ್ತಿರದ್ದೇ ಸರಿ. ಆದರೆ ಮೂರು ಗಂಟೆ ಇದ್ದರೆ? ತಿರುಗಿಸದೆ 2,260. ಹತ್ತಿರದ್ದು ತಿರುಗಿಸಿದರೆ 3,220, ಸುತ್ತಿನದು ತಿರುಗಿಸಿದರೆ 3,560. ಈಗ ಸುತ್ತಿನದೇ ಮೇಲು. 95ನೇ ನಿಮಿಷಕ್ಕೆ ಎರಡೂ ಸಮ, ಆಮೇಲೆ ತಕ್ಕಡಿ ಆ ಕಡೆ ವಾಲುತ್ತದೆ. ಎಷ್ಟು ಹೊತ್ತಿದೆ ಅಂತ ಗೊತ್ತಿಲ್ಲದೆ ಯಾವ ರಸ್ತೆ ಅಂತ ಹೇಳೋಕೆ ಬರಲ್ಲ ಎಂದು ಜಂಬದಿಂದ ಬರೆದಿದ್ದೆ.

ಚಾಲಕರ ಪತ್ರ ಬಂದ ದಿನ ಮಧ್ಯಾಹ್ನ ಯಾವುದೋ ಮದುವೆ ಕಾಗದದ ಹಿಂದೆ ಎರಡು ರಸ್ತೆ ಬರೆದೆ. ಹತ್ತು ನಿಮಿಷಕ್ಕೊಂದು ಮನೆ. ಹತ್ತಿರದ್ದಕ್ಕೆ ಎರಡು ಮನೆ, ಸುತ್ತಿನದಕ್ಕೆ ಐದು. ಹೋಗುವ ಗಾಡಿಗೆ ಹುಣಸೆ ಬೀಜ, ಬರುವ ಗಾಡಿಗೆ ಅವರೆಕಾಳು. ಮೊಮ್ಮಗ ಅವರೆಕಾಳಿನ ಡ್ರೈವರ್. ಆಚೆ ತುದಿಯ ಗೇಟು ಹಾಕಿದೆವು, ಇನ್ನು ಹೊಸ ಅವರೆಕಾಳು ಒಳಗೆ ಬರುವಂತಿಲ್ಲ. ಹತ್ತಿರದ ರಸ್ತೆ ಎರಡೇ ಸಲ ಸರಿಸುವಷ್ಟರಲ್ಲಿ ಖಾಲಿಯಾಯಿತು. ಸುತ್ತಿನದರಲ್ಲಿ ಒಂದು ಸಲ ಸರಿಸಿದೆ, ಎರಡು, ಮೂರು. ಹುಣಸೆ ಬೀಜ ಹಿಡಿದ ನನ್ನ ಬೆರಳು ಊರಬಾಗಿಲಲ್ಲೇ ನಿಂತಿತ್ತು. “ಅಜ್ಜಿ, ಇನ್ನೂ ಬರ್ತಾನೇ ಇದ್ದಾವೆ” ಅಂದ. ಐದನೇ ಸಲಕ್ಕೆ ಕೊನೆಯ ಕಾಳು ಊರು ಮುಟ್ಟಿತು. ಅಲ್ಲಿಯವರೆಗೆ, ಅಂದರೆ 50 ನಿಮಿಷ, ಆ ಲೇನಿಗೆ ಊರಿನಿಂದ ಒಂದು ಬೀಜವನ್ನೂ ಬಿಡುವಂತಿರಲಿಲ್ಲ.

ಹಾಗಾಗಿ ತಿರುಗಿಸಿದ ಲೇನಿನಲ್ಲಿ ಮೊದಲ ಗಾಡಿ ಆಚೆ ಸೇರೋದು ಹತ್ತಿರದ ರಸ್ತೆಯಲ್ಲಿ 40ನೇ ನಿಮಿಷಕ್ಕೆ, ಸುತ್ತಿನದರಲ್ಲಿ 100ನೇ ನಿಮಿಷಕ್ಕೆ. ಮೂರು ಗಂಟೆಯ ಲೆಕ್ಕ ಈಗ ಮತ್ತೆ ಮಾಡಿ. ಹತ್ತಿರದ್ದರಿಂದ ಬರುವ ಲಾಭ 140 ನಿಮಿಷಕ್ಕೆ 6ರಂತೆ 840 ಗಾಡಿ. ಸುತ್ತಿನದರಿಂದ 80 ನಿಮಿಷಕ್ಕೆ 10ರಂತೆ 800. ನಾನು ಹೇಳಿದ್ದು ಉಲ್ಟಾ ಆಯಿತು! ತಕ್ಕಡಿ ವಾಲೋದು 95ಕ್ಕಲ್ಲ, 190ನೇ ನಿಮಿಷಕ್ಕೆ. ಎದುರಿಗೆ ಬರುವ ಬಸ್ಸನ್ನು ಮರೆತಿದ್ದಕ್ಕೆ ನನ್ನ ಉತ್ತರ ಸರಿಯಾಗಿ ಎರಡು ಪಟ್ಟು ಜಾರಿತ್ತು.

ಇನ್ನೊಂದು ಮಾತು. ಊರು ಬಿಡಿ ಅಂತ ಹೇಳುವುದಕ್ಕೆ 50 ನಿಮಿಷ ಮುಂಚೆಯೇ ಆಚೆ ತುದಿಯ ಗೇಟು ಹಾಕಿದ್ದರೆ ನನ್ನ ಹಳೆಯ ಉತ್ತರವೇ ಸರಿ ಇರುತ್ತಿತ್ತು. 1999ರಲ್ಲಿ ಫ್ಲಾಯ್ಡ್ ಚಂಡಮಾರುತ ಬಂದಾಗ ಅಮೆರಿಕದ ಜಾರ್ಜಿಯಾ ರಾಜ್ಯ ಸವಾನಾದಿಂದ ಹೋಗುವ ಹೆದ್ದಾರಿಯನ್ನು ಒಂದೇ ಕಡೆಗೆ ತಿರುಗಿಸಿತು. ಪಕ್ಕದ ದಕ್ಷಿಣ ಕೆರೊಲಿನಾದಲ್ಲಿ ಚಾರ್ಲ್ಸ್‌ಟನ್‌ನಿಂದ ಕೊಲಂಬಿಯಾಕ್ಕೆ ಹೋಗುವ ರಸ್ತೆಯನ್ನು ತಿರುಗಿಸುವ ಹೊತ್ತಿಗೆ ತಡವಾಗಿತ್ತು. ಎರಡು ಗಂಟೆಯ ದಾರಿಗೆ ಜನ ಅರ್ಧ ದಿನಕ್ಕೂ ಜಾಸ್ತಿ ಗಾಡಿಯಲ್ಲೇ ಕೂತಿದ್ದರು. ಬರುವ ಕಡೆ ರಸ್ತೆ ಖಾಲಿ, ಹೋಗುವ ಕಡೆ ಇರುವೆ ಸಾಲು. ಅಲ್ಲಿನ ಕರಾವಳಿಯ ರಾಜ್ಯಗಳು ಇದನ್ನು ಕಾಗದದ ಮೇಲೆ ಮುಂಚೆಯೇ ಬರೆದಿಟ್ಟುಕೊಳ್ಳಲು ಶುರು ಮಾಡಿದ್ದು ಹೆಚ್ಚಾಗಿ ಆ ಸಂಕಟದ ನಂತರ.

ಚಾಲಕರು ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: “ಹೇರ್‌ಪಿನ್ ತಿರುವಿನಲ್ಲಿ ನನ್ನ ಬಸ್ಸಿಗೆ ಎರಡೂ ಲೇನ್ ಬೇಕು. ನೀವು ಎಷ್ಟೇ ತಿರುಗಿಸಿದರೂ ಅಲ್ಲಿ ಒಂದೇ.” ಇದು ಮೊದಲನೆಯದಕ್ಕಿಂತ ದೊಡ್ಡ ಮಾತು. ಇದಕ್ಕೆ ಮುಂದಿನ ಪತ್ರದಲ್ಲಿ ಉತ್ತರ ಇದೆ.

“ನಮಗೆ ಈ ಸೆಮಿಸ್ಟರ್‌ನಲ್ಲಿ ಫೋರ್ಡ್-ಫುಲ್ಕರ್ಸನ್ ಇದೆ. ಅದರಲ್ಲಿ ಪ್ರತಿ ಬಾಣಕ್ಕೂ ಒಂದು ಹಿಂದಿನ ಬಾಣ ಹಾಕುತ್ತಾರೆ. ನೀವು ಹೇಳಿದ ಲೇನ್ ತಿರುಗಿಸೋದು ಅದೇನಾ? ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಹೌದು ಅಂತಾರೆ.”
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉಳಿದರ್ಧ ಜನ ಗೆದ್ದರು. ಅದು ಬೇರೆ, ಇದು ಬೇರೆ. ಉಳಿದ ಓದುಗರಿಗೆ: ಫೋರ್ಡ್-ಫುಲ್ಕರ್ಸನ್ ಅಂದರೆ ಒಂದು ಜಾಲದಲ್ಲಿ ಹೆಚ್ಚೆಂದರೆ ಎಷ್ಟು ಹರಿಸಬಹುದು ಅಂತ ಹುಡುಕುವ ಅಲ್ಗಾರಿದಂ, ಅಂದರೆ ಲೆಕ್ಕದ ವಿಧಾನ. ಅದರಲ್ಲಿ ಪ್ರತಿ ರಸ್ತೆಯನ್ನೂ ಒಂದು ಬಾಣವಾಗಿ ಬರೆಯುತ್ತಾರೆ.

ಮೊದಲು ಹಾಸನಾಂಬೆಯ ಹತ್ತಿರ ಹೋಗೋಣ. ದೀಪಾವಳಿಯ ಆಜುಬಾಜಿನಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಆ ಸಾಲಿನಲ್ಲಿ ನಿಂತಿದ್ದೀಯಲ್ವಾ? ಹೊರಗೆ ಬ್ಯಾರಿಕೇಡ್ ಹಾಕಿ ಸಾಲು ಮಾಡಿರುತ್ತಾರೆ, ಹಾವಿನ ಹಾಗೆ ಸುತ್ತಿಸುತ್ತಾರೆ. ಸಾಲು ಎರಡು ಮಾಡಲಿ, ನಾಲ್ಕು ಮಾಡಲಿ. ಗರ್ಭಗುಡಿಯ ಮುಂದೆ ನಿಮಿಷಕ್ಕೆ ಎಷ್ಟು ಜನ ದಾಟಬಹುದೋ ಅಷ್ಟೇ ಜನ ಆಚೆ ಬರುವುದು. ಹೊರಗೆ ಸಾಲು ಜಾಸ್ತಿ ಮಾಡಿದರೆ ಕಾಯುವ ಜಾಗ ಜಾಸ್ತಿ ಆಗುತ್ತದೆ, ದರ್ಶನ ಜಾಸ್ತಿ ಆಗಲ್ಲ. ನಮ್ಮ ಕಡೆ ಕೆರೆಗೆ ತೂಬು ಇದ್ದ ಹಾಗೆ. ಕೆರೆ ಎಷ್ಟೇ ದೊಡ್ಡದಿರಲಿ, ಕಾಲುವೆ ಎಷ್ಟೇ ಅಗಲ ಇರಲಿ, ಗದ್ದೆಗೆ ಬರೋದು ತೂಬು ಬಿಟ್ಟಷ್ಟೇ ನೀರು. ನಿಮ್ಮ ಪುಸ್ತಕ ಇದನ್ನೇ ಮಿನ್ ಕಟ್ ಅನ್ನುತ್ತದೆ. ಒಂದು ಜಾಲದಲ್ಲಿ ತೂಬು ಒಂದೇ ಕಡೆ ಇರಬೇಕಂತಿಲ್ಲ. ಎರಡು ಮೂರು ಸಣ್ಣ ರಸ್ತೆ ಸೇರಿ ಒಂದು ತೂಬಾಗಬಹುದು. ಊರನ್ನೂ ಸುರಕ್ಷಿತ ಜಾಗವನ್ನೂ ಬೇರೆ ಮಾಡುವ ಹಾಗೆ ರಸ್ತೆಗಳ ಮೇಲೆ ಗೆರೆ ಎಳೆಯುತ್ತಾ ಹೋಗಿ, ಆ ಗೆರೆಯನ್ನು ದಾಟಿ ಹೋಗುವ ಸಾಮರ್ಥ್ಯ ಎಲ್ಲಿ ಅತೀ ಕಡಿಮೆಯೋ ಅಲ್ಲಿ ತೂಬು. ಆ ಅಂಕೆಗಿಂತ ಒಂದು ಗಾಡಿಯೂ ಜಾಸ್ತಿ ಹೋಗಲ್ಲ, ಜಾಣತನದಿಂದ ಕಳಿಸಿದರೆ ಒಂದೂ ಕಡಿಮೆ ಆಗಲ್ಲ. 1956ರಲ್ಲಿ ಫೋರ್ಡ್ ಮತ್ತು ಫುಲ್ಕರ್ಸನ್ ಪ್ರಕಟಿಸಿದ ಪ್ರಮೇಯ ಇಷ್ಟೇ.

ಇದರ ಹಿಂದೆ ಒಂದು ಕಥೆ ಇದೆ. 1955ರಲ್ಲಿ ಹ್ಯಾರಿಸ್ ಮತ್ತು ರಾಸ್ ಎಂಬ ಇಬ್ಬರು ಅಮೆರಿಕದ ವಾಯುಪಡೆಗಾಗಿ ಒಂದು ಗುಟ್ಟಿನ ವರದಿ ಬರೆದರು. ಸೋವಿಯತ್ ರೈಲು ಜಾಲದಲ್ಲಿ ಪೂರ್ವ ಯುರೋಪಿಗೆ ಎಷ್ಟು ಸರಕು ಸಾಗಬಹುದು, ಅದನ್ನು ತಡೆಯಬೇಕಾದರೆ ಎಲ್ಲಿ ಕತ್ತರಿಸಬೇಕು ಅಂತ. ಅದು ಬೆಳಕಿಗೆ ಬಂದಿದ್ದು 1999ರಲ್ಲಿ. ಅವರಿಗೆ ತೂಬು ಬೇಕಾಗಿದ್ದು ಮುಚ್ಚೋಕೆ, ನಮಗೆ ಬೇಕಾಗಿರೋದು ತೆರೆಯೋಕೆ. ಲೆಕ್ಕ ಮಾತ್ರ ಒಂದೇ.

ಈಗ ನಿನ್ನ ಹಿಂದಿನ ಬಾಣ. ಊರಿನಿಂದ ಎಡಕ್ಕೊಂದು ಕೂಡುರಸ್ತೆ, ಬಲಕ್ಕೊಂದು ಕೂಡುರಸ್ತೆ, ಎರಡರ ಮಧ್ಯೆ ಒಂದು ಅಡ್ಡರಸ್ತೆ ಅಂತ ಇಟ್ಟುಕೋ. ನೀನು ಮೊದಲು ಅವಸರದಲ್ಲಿ ಹತ್ತು ಗಾಡಿಯನ್ನು ಎಡದಿಂದ ಅಡ್ಡರಸ್ತೆ ಹಿಡಿದು ಬಲಕ್ಕೆ ಕಳಿಸಿದೆ. ಆಮೇಲೆ ನೋಡಿದರೆ ಬಲಗಡೆಯವರಿಗೇ ಮುಂದೆ ಜಾಗ ಇಲ್ಲ. ಆಗ ಅಲ್ಗಾರಿದಂ ಏನನ್ನುತ್ತದೆ? ಅಡ್ಡರಸ್ತೆಯಲ್ಲಿ ಹಿಂದಕ್ಕೆ ಹತ್ತು ಕಳಿಸು ಅನ್ನುತ್ತದೆ. ಯಾವ ಗಾಡಿಯೂ ಹಿಂದಕ್ಕೆ ಬರಲ್ಲ. ಆ ಹತ್ತನ್ನು ಅಡ್ಡಕ್ಕೆ ಕಳಿಸಿದ್ದು ಬೇಡ, ನೇರ ಹೋಗಲಿ ಅಂತ ಮೊದಲಿನ ತೀರ್ಮಾನ ಹೊಡೆದುಹಾಕುವುದು ಅದು. ಅಂಗಡಿಯವನು ಉದ್ರಿ ಪುಸ್ತಕದಲ್ಲಿ ಬರೆದದ್ದರ ಮೇಲೆ ಗೀಟು ಎಳೆದ ಹಾಗೆ. ರಸ್ತೆಯ ಸಾಮರ್ಥ್ಯ ಒಂದಿಷ್ಟೂ ಬೆಳೆಯಲಿಲ್ಲ. ಲೇನ್ ತಿರುಗಿಸೋದು ಹಾಗಲ್ಲ. ಡಾಂಬರಿನ ಮೇಲೆ ಪೊಲೀಸರು ನಿಂತು, ಕೋನ್ ಇಟ್ಟು, ತೂಬನ್ನೇ ಅಗಲ ಮಾಡುವ ಕೆಲಸ.

ಕಂಪ್ಯೂಟರಿಗೆ ಇದನ್ನು ಹೇಳಿಕೊಡುವ ಉಪಾಯ ಚೆನ್ನಾಗಿದೆ. ಪ್ರತಿ ರಸ್ತೆಯ ಎರಡೂ ದಿಕ್ಕಿನ ಸಾಮರ್ಥ್ಯ ಕೂಡಿಸಿ ಒಂದೇ ರಸ್ತೆ ಅಂತ ತಿಳಿ. ಅದರ ಮೇಲೆ ನಿನ್ನ ಅದೇ ಫೋರ್ಡ್-ಫುಲ್ಕರ್ಸನ್ ಓಡಿಸು. ಸುಮ್ನೆ ಸುತ್ತು ಹಾಕುವ ಹರಿವು ಇದ್ದರೆ ತೆಗೆದುಹಾಕು. ಈಗ ಪ್ರತಿ ರಸ್ತೆಯಲ್ಲೂ ಹರಿವು ಒಂದೇ ದಿಕ್ಕಿಗೆ ಉಳಿಯುತ್ತದೆ. ಆ ದಿಕ್ಕಿನ ಲೇನಿಗೆ ಅದು ಹಿಡಿಸದಿದ್ದರೆ ಮಾತ್ರ ಎದುರು ಲೇನ್ ತಿರುಗಿಸಬೇಕು. ಒಂದೇ ಊರು, ಒಂದೇ ಸುರಕ್ಷಿತ ಜಾಗ ಇದ್ದರೆ ಇದು ಬೇಗ ಮುಗಿಯುವ ಲೆಕ್ಕ ಅಂತ 2010ರಲ್ಲಿ ರೆಬೆನ್ನಾಕ್ ಮತ್ತು ಜೊತೆಗಾರರು ತೋರಿಸಿದರು. ಹತ್ತಾರು ಹಳ್ಳಿ, ಹಲವು ಶಿಬಿರ, ಇವರು ಇಲ್ಲಿಗೇ ಹೋಗಬೇಕು ಅಂತ ಕಟ್ಟು ಬಂದರೆ ಲೆಕ್ಕ ಕಗ್ಗಂಟು. ಅಂಥ ದೊಡ್ಡ ಲೆಕ್ಕ ಎನ್‌ಪಿ ಗುಂಪಿನ ಕಠಿಣ ಸಮಸ್ಯೆ (ಕಂಪ್ಯೂಟರಿಗೂ ಬೇಗ ಬಿಡಿಸುವ ದಾರಿ ಗೊತ್ತಿಲ್ಲದ್ದು) ಅಂತ ಕಿಮ್ ಮತ್ತು ಶಶಿ ಶೇಖರ್ ಅದಕ್ಕೂ ಮುಂಚೆಯೇ ಹೇಳಿ, ಅಂದಾಜಿನ ದಾರಿಗಳನ್ನು ಕೊಟ್ಟಿದ್ದರು. ನೇಪಾಳದ ತ್ರಿಭುವನ ವಿಶ್ವವಿದ್ಯಾಲಯದ ತಂಕನಾಥ ಧಮಲ, ಊರ್ಮಿಳಾ ಪ್ಯಾಕುರೆಲ್ ಅವರ ಕೆಲಸವನ್ನೂ ಹುಡುಕಿ ಓದು. ಬೆಟ್ಟದ ನಾಡಿನವರು, ನಮ್ಮ ಘಾಟಿ ರಸ್ತೆಯ ಸಂಕಟ ಅವರಿಗೆ ಬೇಗ ಅರ್ಥವಾಗುತ್ತದೆ. ಇಡೀ ಲೇನ್ ತಿರುಗಿಸಬೇಡಿ, ಬೇಕಾದಷ್ಟನ್ನೇ ತಿರುಗಿಸಿ ಮಿಕ್ಕಿದ್ದನ್ನು ಆಂಬುಲೆನ್ಸಿಗೆ ಉಳಿಸಿ ಅನ್ನೋದು ಅವರ ಮಾತು.

ಹೇರ್‌ಪಿನ್ನಿನ ಮಾತಿಗೆ ಉತ್ತರವೂ ಇಲ್ಲಿದೆ. ಸಾಮರ್ಥ್ಯ ಕೂಡಿಸುವಾಗ ಎಲ್ಲ ಕಡೆಯೂ ಎರಡರಿಂದ ಗುಣಿಸುವುದು ಸೋಮಾರಿತನ. ಬಸ್ಸು ಎರಡೂ ಲೇನ್ ತಿನ್ನುವ ತಿರುವಿನಲ್ಲಿ ಒಂದಕ್ಕೆ ಒಂದು ಕೂಡಿದರೆ ಒಂದೇ, ಇಲ್ಲ ಒಂದೂಕಾಲು. ತೂಬು ಅಲ್ಲೇ ಇದ್ದರೆ ಕೆಳಗಿನ ಹತ್ತು ಕಿಲೋಮೀಟರ್ ನೇರ ರಸ್ತೆ ತಿರುಗಿಸಿ ಪ್ರಯೋಜನ ಇಲ್ಲ. ಹಾಸನಾಂಬೆಯ ಹೊರಗಿನ ಬ್ಯಾರಿಕೇಡ್ ಆಗುತ್ತದೆ ಅಷ್ಟೇ.

“ಗೂಗಲ್ ಮ್ಯಾಪ್ ಇರೋವಾಗ ಈ ಲೆಕ್ಕ ಎಲ್ಲ ಯಾಕೆ?”
— ವ್ಯಾಪಾರಿ, ಅರಸೀಕೆರೆ

ಮ್ಯಾಪು ನಿಮಗೆ ಒಳ್ಳೆಯ ದಾರಿ ತೋರಿಸುತ್ತದೆ. ಪಕ್ಕದವರಿಗೂ ಅದನ್ನೇ. ಎಲ್ಲರೂ ತಮ್ಮ ತಮ್ಮ ಒಳ್ಳೆಯ ದಾರಿ ಹಿಡಿದರೆ ಎಲ್ಲರಿಗೂ ಸೇರಿ ಒಳ್ಳೆಯದಾಗುತ್ತದೆ ಅಂತ ಏನಿಲ್ಲ. ಹೊಸ ರಸ್ತೆ ಸೇರಿಸಿದ್ದಕ್ಕೇ ಎಲ್ಲರಿಗೂ ತಡವಾಗಬಹುದು ಅಂತ 1968ರಲ್ಲಿ ಬ್ರೇಸ್ ಎಂಬ ಜರ್ಮನ್ ಗಣಿತಜ್ಞ ತೋರಿಸಿದ್ದಾರೆ.

2018ರ ಆಗಸ್ಟ್ ನೆನಪಿದೆಯಾ? ಶಿರಾಡಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಯಿತು, ಗಾಡಿಗಳು ಚಾರ್ಮಾಡಿಗೆ ತಿರುಗಿದವು. ಮಂಗಳೂರಿನಲ್ಲಿ ಕಣ್ಣು ತೋರಿಸಿಕೊಂಡು ವಾಪಸ್ ಬರುತ್ತಿದ್ದ ನಾನೂ ಅದರಲ್ಲೊಬ್ಬಳು. ಒಂದು ತಿರುವಿನಲ್ಲಿ ನಮ್ಮ ಬಸ್ಸು, ಎದುರಿಗೆ ಒಂದು ಟೆಂಪೊ, ಅದರ ಹಿಂದೆ ಇನ್ನೊಂದು ಬಸ್ಸು. ಯಾರೂ ಹಿಂದೆ ಹೋಗುವ ಹಾಗಿಲ್ಲ, ಹಿಂದೆ ಇನ್ನಷ್ಟು ಗಾಡಿ. ಕಂಡಕ್ಟರ್ ಕೊಡೆ ಹಿಡಿದು ಇಳಿದು ಹೋದರು. ಒಂದೊಂದೇ ಗಾಡಿಯ ಬಾನೆಟ್ ತಟ್ಟುತ್ತಾ, ಅರ್ಧ ಅಡಿ, ಒಂದು ಅಡಿ ಅಂತ ಹಿಂದೆ ಸರಿಸಿದರು. ಅವರು ವಾಪಸ್ ಬಸ್ಸು ಹತ್ತಿದಾಗ ಕೊಡೆಯ ಎರಡು ಕಡ್ಡಿ ಮುರಿದಿತ್ತು, ಕೈಯಲ್ಲಿ ವಾಚು ಇರಲಿಲ್ಲ. ಎಲ್ಲಿ ಬಿತ್ತೋ. ಕೊಟ್ಟಿಗೆಹಾರ ಮುಟ್ಟಿ ನೀರುದೋಸೆ ತಿನ್ನುವಾಗ ರಾತ್ರಿಯಾಗಿತ್ತು. ಆ ತಿರುವಿನಲ್ಲಿ ಮ್ಯಾಪಿಗೆ ಸಿಗ್ನಲ್ಲೇ ಇರಲಿಲ್ಲ.

“ಶನಿವಾರ ಭಾನುವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ನಮ್ಮ ಅತಿಥಿಗಳು ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ಸಂಜೆ ರಸ್ತೆ ಪೂರ್ತಿ ಇಳಿಯುವವರಿಗೇ ಬಿಟ್ಟರೆ ಆಗಲ್ವಾ?”
— ಹೋಂಸ್ಟೇ ನಡೆಸುವವರು, ಚಿಕ್ಕಮಗಳೂರು

ಆಗುತ್ತದೆ, ಆದರೆ ನೀವು ಅಂದುಕೊಂಡಷ್ಟು ಸಿಗಲ್ಲ. ಮೇಲೆ ರಸ್ತೆ ಕಿರಿದಾಗುವ ಕಡೆ ಎರಡು ಕಾರು ಎದುರಾದರೆ ಒಂದು ಚರಂಡಿ ಕಡೆ ವಾಲಬೇಕು. ಅಲ್ಲಿ ಎರಡನೇ ಲೇನ್ ಅನ್ನುವುದೇ ಇಲ್ಲ. ಇಲ್ಲದ ಲೇನನ್ನು ತಿರುಗಿಸೋದು ಹೇಗೆ? ತಿರುಗಿಸುವುದರಿಂದ ಸಿಗುವ ಲಾಭ ಒಂದೇ, ಎದುರುಬದುರಾಗಿ ನಿಲ್ಲುವ ಜಗಳ ತಪ್ಪುತ್ತದೆ. ಅದೇನು ಕಡಿಮೆಯಲ್ಲ.

ಇಂಥ ಕಡೆ ಸರದಿ ಮಾಡುತ್ತಾರೆ, ಸ್ವಲ್ಪ ಹೊತ್ತು ಹತ್ತುವವರು, ಸ್ವಲ್ಪ ಹೊತ್ತು ಇಳಿಯುವವರು. ಅಲ್ಲೂ ನನ್ನ ಅವರೆಕಾಳಿನ ಪಾಠವೇ. ಕಿರಿದಾದ ತುಂಡು ದಾಟಲು 8 ನಿಮಿಷ ಅಂತ ಇಟ್ಟುಕೊಳ್ಳಿ. ಸರದಿ ಬದಲಾಯಿಸಿದಾಗೆಲ್ಲ ಆ ತುಂಡು ಖಾಲಿಯಾಗಲು 8 ನಿಮಿಷ ದಂಡ. ಹತ್ತತ್ತು ನಿಮಿಷಕ್ಕೆ ಬದಲಾಯಿಸಿದರೆ ಗಂಟೆಯಲ್ಲಿ ಗೇಟು ತೆರೆದಿರುವುದು 33 ನಿಮಿಷ ಮಾತ್ರ. ಅರ್ಧರ್ಧ ಗಂಟೆಗೆ ಬದಲಾಯಿಸಿದರೆ 47 ನಿಮಿಷ. ಆದರೆ ಅರ್ಧ ಗಂಟೆ ಸುಮ್ಮನೆ ಕಾಯಿ ಅಂದರೆ ನಿಮ್ಮ ಅತಿಥಿಗಳು ಹಾರನ್ ಒತ್ತದೆ ಇರುತ್ತಾರಾ?

ನನ್ನ ಕೇಳಿದರೆ ಕೈಮರ ಚೆಕ್‌ಪೋಸ್ಟಿನಲ್ಲೇ ಗಾಡಿ ಲೆಕ್ಕ ಹಾಕಿ ಮೇಲೆ ಬಿಡುವುದೇ ಒಳ್ಳೆಯದು. ಬೆಟ್ಟದ ಮೇಲೆ ಗಾಡಿ ನಿಲ್ಲಿಸುವ ಜಾಗ ತುಂಬಿದ ಮೇಲೆ ಹತ್ತುವ ಪ್ರತಿ ಕಾರೂ ರಸ್ತೆಯಲ್ಲೇ ನಿಲ್ಲುತ್ತದೆ. ಆಗ ರಸ್ತೆಯೇ ಪಾರ್ಕಿಂಗ್, ತೂಬಿಗೇ ಹೂಳು ತುಂಬಿದ ಹಾಗೆ. ಬಾಡಿಗೆ ಕಳೆದುಕೊಳ್ಳುವವರು ನೀವು, ನಿಮಗೆ ಇದು ಹಿಡಿಸಲಿಕ್ಕಿಲ್ಲ.

“ಎಲ್ಲರೂ ಹೊರಗೆ ಹೋಗುವ ಲೆಕ್ಕ ಸರಿ. ನಮ್ಮ ಅಮ್ಮನ ಹತ್ತಿರ ಗಾಡಿ ಇಲ್ಲ. ಪಕ್ಕದ ಮನೆಯವರ ಹತ್ತಿರವೂ ಇಲ್ಲ. ಅವರು ನಿಮ್ಮ ಲೆಕ್ಕದಲ್ಲಿ ಎಲ್ಲಿದ್ದಾರೆ?”
— ಶಾಲಾ ಶಿಕ್ಷಕಿ, ಹೊಳೆನರಸೀಪುರ

ಈ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ನಿಮ್ಮ ಅಮ್ಮ ನನ್ನ ಲೆಕ್ಕದಲ್ಲಿ ಇರಲಿಲ್ಲ. ನಾನು ಎಣಿಸಿದ್ದು ಗಾಡಿಗಳನ್ನು.

2005ರ ಆಗಸ್ಟ್ ಕೊನೆಯಲ್ಲಿ ಕತ್ರೀನಾ ಚಂಡಮಾರುತ ಬರುವಾಗ ನ್ಯೂ ಆರ್ಲಿಯನ್ಸ್ ಸುತ್ತಿನ ಹೆದ್ದಾರಿಗಳನ್ನು ಹೊರಕ್ಕೆ ತಿರುಗಿಸಿದರು. ಹಿಂದಿನ ವರ್ಷ ಇವಾನ್ ಚಂಡಮಾರುತದಲ್ಲಿ ಆದ ಗೊಂದಲದಿಂದ ಪಾಠ ಕಲಿತಿದ್ದರು. ಕಾರು ಇದ್ದವರ ಮಟ್ಟಿಗೆ ಆ ಯೋಜನೆ ಚೆನ್ನಾಗಿಯೇ ನಡೆಯಿತು. ಕಾರು ಇಲ್ಲದ ಸಾವಿರಾರು ಜನ ಊರಲ್ಲೇ ಉಳಿದರು. ಆಮೇಲೆ ಆದದ್ದು ನೀವು ಟಿವಿಯಲ್ಲಿ ನೋಡಿರುತ್ತೀರಿ. ಕೆಲವೇ ವಾರಗಳಲ್ಲಿ ರೀಟಾ ಬಂದಾಗ ಹ್ಯೂಸ್ಟನ್‌ನಲ್ಲಿ ಇದರ ಉಲ್ಟಾ. ಹೆದರಿದ ಜನ ಎಲ್ಲರೂ ಒಟ್ಟಿಗೆ ಕಾರು ತೆಗೆದರು, ರಸ್ತೆ ತಿರುಗಿಸಿದ್ದು ತಡವಾಗಿ. ಬಿಸಿಲಲ್ಲಿ ಪೆಟ್ರೋಲು ಮುಗಿದ ಕಾರುಗಳು ಸಾಲಾಗಿ ನಿಂತವು. ಆ ಸಲ ಗಾಳಿ ಮಳೆಗೆ ಸತ್ತವರಿಗಿಂತ ಊರು ಬಿಟ್ಟು ಹೋಗುವ ಗಡಿಬಿಡಿಯಲ್ಲಿ ಸತ್ತವರೇ ಜಾಸ್ತಿ.

ಸರಿ, ಅದೇ ಮದುವೆ ಕಾಗದ ತೆಗೆದೆ. ಬಸ್ಸಿಗೆ ಒಂದು ಗೋಡಂಬಿ ಇಟ್ಟೆ. ಬಸ್ಸಿನಲ್ಲಿ 50 ಜನ, ಹತ್ತಿ ಇಳಿಯುವ ಹೊತ್ತು ಸದ್ಯಕ್ಕೆ ಬಿಡೋಣ. ಹುಣಸೆ ಬೀಜಕ್ಕೂ ಗೋಡಂಬಿಗೂ ಒಂದೇ ವ್ಯತ್ಯಾಸ. ಬೀಜ ಒಂದು ಸಲ ಹೋದರೆ ಮುಗಿಯಿತು. ಗೋಡಂಬಿ ವಾಪಸ್ ಬರಬೇಕು, ಇನ್ನೊಂದು 50 ಜನರನ್ನು ಕರೆದುಕೊಂಡು ಹೋಗಲು. ಹತ್ತಿರದ ರಸ್ತೆಯ ಬರುವ ಲೇನ್ ಉಳಿಸಿಕೊಂಡರೆ ಬಸ್ಸಿಗೆ ಹೋಗಿ ಬರಲು 40 ನಿಮಿಷ. ಮೂರು ಗಂಟೆಯಲ್ಲಿ ಐದು ಸಲ ಜನರನ್ನು ಆಚೆ ಮುಟ್ಟಿಸುತ್ತದೆ, 250 ಜನ. ಆ ಲೇನನ್ನೂ ತಿರುಗಿಸಿಬಿಟ್ಟರೆ ಬಸ್ಸು ಹತ್ತಿರದ ರಸ್ತೆಯಲ್ಲಿ ಹೋಗಿ ಸುತ್ತಿನ ರಸ್ತೆಯಲ್ಲಿ ವಾಪಸ್ ಬರಬೇಕು. ಒಂದು ಸುತ್ತಿಗೆ 70 ನಿಮಿಷ. ಮೂರೇ ಸಲ, 150 ಜನ. ಒಂದು ಬಸ್ಸಿಗೆ 100 ಜನ ಕಡಿಮೆ.

ಈಗ ಮೇಲಿನ ಉತ್ತರ ನೆನಪಿಸಿಕೊಳ್ಳಿ. ಸಕಲೇಶಪುರದವರ ತಿದ್ದುಪಡಿಯ ನಂತರ ಹತ್ತಿರದ ರಸ್ತೆ ತಿರುಗಿಸಿದರೆ 840 ಗಾಡಿ, ಸುತ್ತಿನದಾದರೆ 800. ಗಾಡಿಗೆ ನಾಲ್ಕು ಜನ ಅಂದರೆ ಹತ್ತಿರದ್ದರ ಲಾಭ 160 ಜನ. ಊರಲ್ಲಿ ಒಂದೇ ಬಸ್ಸಿದ್ದರೆ ಹತ್ತಿರದ್ದನ್ನೇ ತಿರುಗಿಸಿ, 100 ಹೋಗಿ 160 ಬರುತ್ತದೆ. ಎರಡು ಬಸ್ಸಿದ್ದರೆ 200 ಹೋಗಿ 160 ಬರುತ್ತದೆ, ಆಗ ಸುತ್ತಿನದನ್ನು ತಿರುಗಿಸಿ ಹತ್ತಿರದ್ದನ್ನು ಬಸ್ಸಿಗೆ ಬಿಡಿ. ಹೋದ ತಿಂಗಳಿನಿಂದ ಉತ್ತರ ಎರಡನೇ ಸಲ ಬದಲಾಯಿತು. ಸಂಪಾದಕರು ಬೈಯಲಿ.

ಒಂದೇ ಬಸ್ಸಿನ ಊರಿನ ಆ 100 ಜನ ಯಾರು, ಆ 160 ಜನ ಯಾರು ಅಂತ ನೀವು ಮತ್ತೆ ಬರೆಯುತ್ತೀರಿ, ಗೊತ್ತು. ಕಾರಿನವರಿಗೆ ಇನ್ನೊಂದು ದಾರಿ ಸಿಗಬಹುದು, ಅಮ್ಮನಿಗೆ ಸಿಗಲ್ಲ. ಹಾಗಾಗಿ ಲೆಕ್ಕ ಏನೇ ಹೇಳಲಿ, ನನ್ನ ಕೈಯಲ್ಲಿ ವಿಷಲ್ ಇದ್ದರೆ ಒಂದು ಬಸ್ಸಿಗೂ ಹತ್ತಿರದ ಲೇನ್ ಉಳಿಸುತ್ತಿದ್ದೆ. ಗಾಡಿ ಇಲ್ಲದ ಮನೆ ನಿಮ್ಮ ಬೀದಿಯಲ್ಲಿ ಎಷ್ಟಿವೆ ಅಂತ ನಿಮ್ಮ ಮಕ್ಕಳ ಕೈಯಲ್ಲಿ ಎಣಿಸಿ ಬರೆಸಿ ಕಳಿಸಿ, ಮುಂದಿನ ತಿಂಗಳು ಆ ಅಂಕೆ ಇಟ್ಟುಕೊಂಡೇ ಬಿಡಿಸೋಣ. ಹತ್ತಿ ಇಳಿಯುವ ಹೊತ್ತನ್ನೂ ಸೇರಿಸುತ್ತೇನೆ. ಗೋಡಂಬಿ ಮಾತ್ರ ಬೇರೆ ತರಬೇಕು, ಇದ್ದದ್ದನ್ನು ಮೊಮ್ಮಗ ತಿಂದ.